ಹನ್ನೆರಡು ಗ್ರಾಂ

ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ
ತಕ್ಕಡಿ ರಿಪೇರಿ ಮಾಡಾಂವ ನಾನು, ಮುರಿಗೆಪ್ಪ.
ಇಪ್ಪತ್ತಾರು ವರ್ಷ.
ಯಾವ ತಕ್ಕಡಿ ಸುಳ್ಳು ಹೇಳ್ತದಂತ
ಮುಳ್ಳು ನೋಡೂದ ಬ್ಯಾಡ ನನಗ,
ಅಂಗಡಿಯವನ ಮಾರಿ ನೋಡಿದ್ರ ಸಾಕು
ಅಂತ ಹೇಳ್ಕೋತ ತಿರಗತಿದ್ದೆ.

ನನ್ನ ಹತ್ರ ಒಂದು ಕಿಲೋದ ಕಲ್ಲು.
ಕೆಲಸ ಕಲಿಸಿದಾಂವ ಸಾಯೂ ಮುಂದ ಕೊಟ್ಟದ್ದು.
ಕಬ್ಬಿಣದ್ದು, ಆರು ಮೂಲಿ,
ತಳದಾಗ ಸೀಸದ ಬಟ್ಟು, ಸೀಸದ ಮ್ಯಾಲ ಮುದ್ರಿ.
ಪ್ಯಾಟಿಯ ಕಲ್ಲೆಲ್ಲಾ ಇದರ ಮುಂದ ತಲಿ ಬಾಗಬೇಕು.
ಹೆಚ್ಚಿದ್ದದ್ದರ ಸೀಸ ಕೆರೀತಿದ್ದೆ,
ಕಡಿಮಿ ಇದ್ದದ್ದಕ್ಕ ಕಾಸಿ ಹೊಯ್ತಿದ್ದೆ.

ಹಸೀನಾಬಿ ಒಬ್ಬಾಕಿ ಮುಟ್ಟಗೊಡಲಿಲ್ಲ.
ಹುಣಸಿಗಿಡದ ಬುಡಕ ಒಣಮೆಣಸಿನಕಾಯಿ ಮಾರ್ತಾಳ.
ಮೊದಲನೇ ದಿನಾನ ಅಂದಿದ್ಲು,
“ನಿನ್ನ ಕಲ್ಲು ನಿನ್ನ ಮನ್ಯಾಗ ಇಟಗೋ.”
ಆ ಮಾತು ಬಿಸಿ ಸೀಸದಂಗ ಒಳಗ ಇಳೀತು,
ಆರಿ ಗಟ್ಟಿ ಆತು.

ಅಕಿ ನೀರು ಕುಡ್ಯಾಕ ಹೋದಾಗೊಮ್ಮೆ
ಎರಡೂ ಕಲ್ಲು ತೂಗಿ ನೋಡಿದೆ.
ಅಕಿದು ಕೆಳಗಿಳೀತು. ಭಾರ.
ಭಾರಾದ ಕಲ್ಲಿಲೆ ಮಾರಿದ್ರ ಲುಕ್ಸಾನ ಅಕಿದ.
ಹಂಗಾದ್ರ ಹಳ್ಳಿಯಿಂದ ಚೀಲ ತರಾವರ ಹತ್ರ
ಖರೀದಿ ಮಾಡಾಕ ಇಟ್ಟಾಳ!
ಕಳ್ಳಿ ಅಂತ ವಹಿಯೊಳಗ ಬರದೆ,
ಕೆಳಗ ಎರಡು ಗೀಟು ಹೊಡದೆ.

ಅಕಿ ಮುಂದ ಮಂದಿ ಸಾಲು ಹಚ್ಚಿದ್ರ
ಕಾಯಿಯ ಬಣ್ಣಕ್ಕ ಮರುಳಾಗ್ಯಾರ ಅಂದೆ.
ಮುದುಕರಿಗೆ ಮ್ಯಾಲೊಂದು ಹಿಡಿ ಹಾಕಿದ್ರ
ಕದ್ದ ಮಾಲಿಗೆ ಕೈ ದೊಡ್ಡದು ಅಂದೆ.
ನಕ್ಕರ ಒಂದರ್ಥ.
ಸುಮ್ಮನಿದ್ರೂ ಅದ ಅರ್ಥ.

ಬಾಳಪ್ಪಣ್ಣನ ತಕ್ಕಡಿ ಮಾತ್ರ
ನಾ ಎಂದೂ ಎರಡು ಸಲ ನೋಡಿದಾಂವ ಅಲ್ಲ.
ಹಣಿ ತುಂಬ ವಿಭೂತಿ,
ಮ್ಯಾಲ ಅವನ ಚಹಾದಾಗ ಯಾಲಕ್ಕಿ.

ಈ ವರ್ಷ ಬಾಗಲಕೋಟಿ ಆಫೀಸಿಂದ
ಹೊಸಾ ಇನ್ಸ್‌ಪೆಕ್ಟರ್ ಬಂದ್ರು, ವಿದ್ಯಾವತಿ ಬಾಯಾರು.
ಮುಖಮಲ್ಲಿನ ಪೆಟಿಗಿ, ಒಳಗ ಹಿತ್ತಾಳಿ ಕಲ್ಲು,
ಬರಿಗೈಲೆ ಮುಟ್ಟಂಗಿಲ್ಲಂತ.
“ಯಾರದರಿಂದ ಸುರು ಮಾಡೂಣು?” ಅಂದ್ರು.
ಬಾಯಿ ತೆರಿಯೂದ್ರಾಗ
ನನ್ನ ಕೈ ಹುಣಸಿಗಿಡದ ಕಡೆ ತೋರಿಸಿತ್ತು.
ಅವರು ಆ ಕಡೆ ನೋಡಲೇ ಇಲ್ಲ.
“ಮೊದಲು ನಿಮ್ಮದು ತಗೀರಿ.”

ಹನ್ನೆರಡು ಗ್ರಾಂ ಕಡಿಮಿ.

ದಿನಾ ಸಂಜೀಕ ಅರಿವಿಲೆ ತಿಕ್ಕಿ ಇಡ್ತಿದ್ದೆ ಅದನ್ನ,
ದೇವರ ಸಾಮಾನಿನಂಗ.
ಸವೆದದ್ದು ಆ ತಿಕ್ಕೂದ್ರಾಗನ.
ಇಡೀ ಪ್ಯಾಟಿ, ಬಾಳಪ್ಪಣ್ಣನ ಹಿಡಕೊಂಡು,
ಹನ್ನೆರಡು ಗ್ರಾಂ ಕಡಿಮಿ, ಒಂದಕ್ಕೊಂದು ಸರೀ ಹೊಂದಿ.
ಹಸೀನಾಬಿ ಕಲ್ಲು ಹಿತ್ತಾಳಿ ಎದುರು ಇಟ್ಟಾಗ
ಮುಳ್ಳು ನಟ್ಟ ನಡುವ ನಿಂತು
ಅಲುಗಾಡಲಿಲ್ಲ.

ಆ ರಾತ್ರಿ ಹೆಂಡತಿಗೆ ಹೇಳಿದೆ,
“ಆ ಕಲ್ಲಿನ ಮ್ಯಾಲ ನನಗ ಮೊದಲಿಂದ್ಲೂ ಸಂಶೆ ಇತ್ತು ನೋಡು.”
ರೊಟ್ಟಿ ಬಡಿಯೂದು ನಿಲ್ಲಿಸಿ ಕೇಳಿದ್ಲು,
“ಯಾವಾಗಿಂದ?”
ನೆನಪಿನ್ಯಾಗ ಕೈಯಾಡಿಸಿದೆ.
ಖರೇ ಹೇಳ್ತೀನಿ, ಸಾಕ್ಷಿ ಒಂದೆರಡು ಸಿಕ್ಕೂವು ಸೈತ.
ಆಗಷ್ಟ ಹುಟ್ಟಿದಂಗಿದ್ದೂವು, ಮೈ ಇನ್ನೂ ಹಸಿ.
ಅಕಿ ಮತ್ತ ರೊಟ್ಟಿ ಬಡ್ಯಾಕ ಹತ್ತಿದ್ಲು.

ವಾರ ಬಿಟ್ಟು ಹುಣಸಿಗಿಡದ ಬುಡಕ ಹೋದೆ.
ತಪ್ಪಾತು ಅನ್ನಬೇಕಂತಿದ್ದೆ,
ಒಂದು ಕಿಲೋ ಕಾಯಿ ಕೊಡು ಅಂದೆ.
ಹಸೀನಾಬಿ ತೂಗಿದ್ಲು, ಮ್ಯಾಲೊಂದು ಹಿಡಿ ಹಾಕಿದ್ಲು,
ಹಾಕಿ ನನ್ನ ಮಾರಿ ನೋಡಿದ್ಲು.
“ಇನ್ನೂ ಮುಳ್ಳ ನೋಡ್ತಿಯಲ್ಲೋ.”

ನಾ ನೋಡಿರಲಿಲ್ಲ.
ಕಣ್ಣು ತಾನ ಹೋಗಿತ್ತು.

ಮನಿ ಮುಟ್ಟೂತನಕ
ಕೈಯಾಗಿನ ಚೀಲ ಯಾಕೋ
ಒಂದೀಟು ಹಗೂರ ಅನಸ್ತಿತ್ತು.